ರಾಸ್ ಸಫ್ವಾನಿಗೆ ಅರವತ್ತೈದು ಅಂಕ

ಮ್ಯಾಕ್ರೇ ಸಾಹೇಬರ ಬೆನ್ನು ಹಿಡಿದುಕೊಂಡದ್ದು ಬುಧವಾರ ಬೆಳಗ್ಗೆ ಏಳು ಹತ್ತಕ್ಕೆ, ಎಡಗಾಲಿಗೆ ಕಾಲುಚೀಲ ಹಾಕಿಕೊಳ್ಳುವಾಗ. ಏಳೂವರೆಗೆ ಅವರ ಹೆಂಡತಿ ದುಬೈನ ದೇರಾ ಬಡಾವಣೆಯ ‘ಗಲ್ಫ್ ಬ್ರೀಜ್’ ಪತ್ರಿಕೆಯ ಕಚೇರಿಗೆ ಫೋನ್ ಮಾಡಿ, ಸಾಹೇಬರು ಮಂಚದ ಮೇಲೆ ಹಲಗೆಯ ಹಾಗೆ ಮಲಗಿದ್ದಾರೆ, ಈ ವಾರ ಏಳುವುದಿಲ್ಲ ಎಂದು ತಿಳಿಸಿದರು. ಎಂಟು ಗಂಟೆಗೆ ಟಿಫಿನ್ ಡಬ್ಬಿ ಹಿಡಿದು ಒಳಗೆ ಬಂದ ಪ್ರೂಫ್ ರೀಡರ್ ಗುರುದತ್ತನಿಗೆ ಇದು ಯಾವುದೂ ಗೊತ್ತಿರಲಿಲ್ಲ.

“ಗುರುದತ್ತ, ಒಳಗ್ಬನ್ನಿ. ಬಾಗಿಲು ಹಾಕ್ಕೊಳ್ಳಿ,” ಎಂದರು ಸಂಪಾದಕ ರಘುನಂದನ.

ಆ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡುವುದು ಕೆಲಸದಿಂದ ತೆಗೆಯುವಾಗ ಮಾತ್ರ. ಗುರುದತ್ತ ಡಬ್ಬಿಯನ್ನು ಎದೆಗೊತ್ತಿಕೊಂಡು ಬಾಗಿಲು ಹಾಕಿದ.

ವಿಷಯ ಬೇರೆಯಾಗಿತ್ತು. 1998ರ ಮಾರ್ಚ್ ಸಂಚಿಕೆಯ ಮುಖ್ಯ ಲೇಖನ ‘ನಮ್ಮ ಹತ್ತು ಶ್ರೇಷ್ಠ ಗಾಲ್ಫ್ ಮೈದಾನಗಳು’. ತೀರ್ಪುಗಾರ ಮ್ಯಾಕ್ರೇ. ಒಂಬತ್ತು ಮೈದಾನ ನೋಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟಾಗಿತ್ತು. ಹತ್ತನೆಯದು ಅಬುಧಾಬಿ ದಾರಿಯಲ್ಲಿ ಸಮುದ್ರದ ದಂಡೆಗಿರುವ ರಾಸ್ ಸಫ್ವಾನ್ ಲಿಂಕ್ಸ್. ದಂಡೆಯ ಮರಳುದಿಬ್ಬಗಳ ಮೇಲೆ ಆಡುವ ಮೈದಾನಕ್ಕೆ ಲಿಂಕ್ಸ್ ಎನ್ನುತ್ತಾರೆ. ಸಂಜೆ ಐದಕ್ಕೆ ಪುಟಗಳು ಅಚ್ಚಿಗೆ ಹೋಗಬೇಕು.

“ನೀವು ಹೋಗಿ ನೋಡ್ಕೊಂಡು ಬಂದ್ಬಿಡಿ.”

“ನಂಗೆ ಗಾಲ್ಫ್ ಗೊತ್ತಿಲ್ಲ ಸಾರ್.”

“ಒಂಬತ್ತು ಮೈದಾನದ ಪ್ರೂಫ್ ಓದಿದೋರ್ಯಾರು?”

“ನಾನೇ.”

“ಅದ್ರಲ್ಲಿ ತಪ್ಪು ಹಿಡಿದೋರು?”

“ನಾನೇ ಸಾರ್. ಸಾಹೇಬರು ಎರಡು ಕಡೆ ಗಜಾನೂ ಮೀಟರೂ ಬೆರೆಸಿಬಿಟ್ಟಿದ್ರು.”

“ಮತ್ತಿನ್ನೇನು ಬೇಕ್ರೀ? ಮ್ಯಾಕ್ರೇಗಿಂತ ನಿಮಗೇ ಜಾಸ್ತಿ ಗೊತ್ತು.” ರಘುನಂದನ ಮೇಜಿನ ಮೇಲಿದ್ದ ಹಸಿರು ಫೈಲನ್ನು ಮುಂದಕ್ಕೆ ತಳ್ಳಿದರು. “ಇದನ್ನ ನೋಡಿ, ಆಮೇಲೆ ಆಗಲ್ಲ ಅನ್ನಿ.”

ಗುರುದತ್ತ ನೋಡಿದ. ಅವನ ಭಾವಚಿತ್ರ ಅಂಟಿಸಿದ ಅರ್ಜಿ. ‘ವೃತ್ತಿ ಬದಲಾವಣೆ’ ಎಂಬ ಶೀರ್ಷಿಕೆಯ ಕೆಳಗೆ ‘ಸಹಾಯಕ ಸಂಪಾದಕ’ ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಟೈಪಾಗಿತ್ತು.

ಗುರುದತ್ತ ದುಬೈಗೆ ಬಂದು ಎರಡು ವರ್ಷ ಎಂಟು ತಿಂಗಳು. ಅದಕ್ಕೆ ಮೊದಲು ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸದ ಅರೆಕಾಲಿಕ ಉಪನ್ಯಾಸಕ. ಅವನು ಬಂದಾಗ ಪತ್ರಿಕೆಗೆ ಸ್ವಂತ ಲೈಸೆನ್ಸ್ ಇರಲಿಲ್ಲ. ಹಾಗಾಗಿ ಸ್ಪಾನ್ಸರ್‌ ಆಗಿದ್ದ ಅರಬ್ ಯಜಮಾನರು, ಎಲ್ಲರ ಬಾಯಲ್ಲಿ ‘ಅರ್ಬಾಬ್’, ತಮ್ಮ ಕಟ್ಟಡ ಕಂಪನಿಯ ಹೆಸರಿನಲ್ಲಿ ವೀಸಾ ಕೊಡಿಸಿದ್ದರು. ಪಾಸ್‌ಪೋರ್ಟಿನಲ್ಲಿ ಗುರುದತ್ತನ ವೃತ್ತಿ ಟೈಲ್ಸ್ ಮೇಸ್ತ್ರಿ. ಮೇಸ್ತ್ರಿಗಳು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಾಗಿಲ್ಲ. ಇಂದ್ರಾಣಿಯೂ ಮೂರು ವರ್ಷದ ನಿಸರ್ಗಳೂ ಮೈಸೂರಿನಲ್ಲಿದ್ದರು. ಮಗಳ ಲೆಕ್ಕದಲ್ಲಿ ಅಪ್ಪ ಎಂದರೆ ಫೋನಿನ ರಿಸೀವರು. ಅದಕ್ಕೇ ಮುತ್ತು ಕೊಡುತ್ತಿದ್ದಳು.

“ಪತ್ರಿಕೆಗೆ ಹೊಸ ಲೈಸೆನ್ಸ್ ಬಂದಿದೆ. ಸಂಪಾದಕರ ಖಾನೆಯಲ್ಲಿ ಒಂದೇ ಒಂದು ಜಾಗ ಖಾಲಿ,” ಎಂದರು ರಘುನಂದನ. “ಈ ಕೆಲಸ ಮಾಡಿ. ಸಂಜೆ ನಾಲ್ಕಕ್ಕೆ ಇಸ್ಮತುಲ್ಲಾ ಇದನ್ನ ಅರ್ಬಾಬ್ ಮುಂದೆ ಇಡ್ತಾನೆ.”

ಇಸ್ಮತುಲ್ಲಾ ಕಚೇರಿಯ ಪಿ.ಆರ್.ಒ. ಅಂದರೆ ವೀಸಾ, ಲೇಬರ್ ಕಾರ್ಡುಗಳ ಕಾಗದ ಹಿಡಿದು ಇಲಾಖೆಯಿಂದ ಇಲಾಖೆಗೆ ಓಡಾಡುವವ. ಭಟ್ಕಳದವ. ಮೂಲೆಯ ಕುರ್ಚಿಯಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ಹೀರುತ್ತಿದ್ದವನು ತಲೆಯಾಡಿಸಿದ. “ನೀವು ಹೋಗಿ ಬನ್ನಿ ಮಾರಾಯ್ರೆ. ಅರ್ಬಾಬರ ಕೈಗೆ ಪೆನ್ನು ಕೊಡುವ ಕೆಲಸ ನನ್ದು.”

ಒಂಬತ್ತಕ್ಕೆ ಗುರುದತ್ತ ಹೊರಟ. ಜೊತೆಗೆ ಫೋಟೋಗ್ರಾಫರ್ ಲಿಯೊನೆಲ್, ಮಂಗಳೂರಿನವ. ಕಾರೂ ಅವನದೇ, ಹಳೆಯ ಸನ್ನಿ, ಏಸಿ ಹಾಕಿದರೆ ಸ್ಟೀರಿಂಗ್ ನಡುಗುತ್ತಿತ್ತು. ಜೆಬೆಲ್ ಅಲಿ ದಾಟುವಷ್ಟರಲ್ಲಿ ಗುರುದತ್ತ ಅಂಕಪಟ್ಟಿಯನ್ನು ಮೂರು ಸಲ ಓದಿದ್ದ. ಹತ್ತು ಅಂಶ, ಒಂದೊಂದಕ್ಕೆ ಹತ್ತು ಅಂಕ.

“ಗೇಟಲ್ಲಿ ನಾನು ಯಾರು ಅಂತ ಹೇಳೋದು?” ಎಂದು ಕೇಳಿದ.

“ನಾನು ಆಗ್ಲೇ ಫೋನ್ ಮಾಡಿ ಹೇಳಿ ಆಯ್ತು,” ಎಂದ ಲಿಯೊನೆಲ್. “ಮೈಸೂರು ಅರಮನೆ ಕಾಲದಿಂದ ಗಾಲ್ಫ್ ಆಡುವ ಮನೆತನ, ಇವರು ಮೂರನೇ ತಲೆ ಅಂತ.”

ಗುರುದತ್ತ ಅವನನ್ನೇ ನೋಡಿದ. “ನಮ್ಮ ತಾತ ಪೋಸ್ಟ್‌ಮಾಸ್ಟರು.”

“ಅದನ್ನು ಹೇಳಿದ್ರೆ ಗೇಟ್ ತೆಗೀತಾರಾ? ನೀವು ಸುಮ್ನೆ ಇರಿ ಮಾರಾಯ್ರೆ. ದೊಡ್ಡವರು ಮಾತು ಕಮ್ಮಿ ಆಡುದು.”

ರಾಸ್ ಸಫ್ವಾನಿನ ಗೇಟು ತೆರೆದೇ ಇತ್ತು, ಏಕೆಂದರೆ ಅದಕ್ಕೆ ಬಾಗಿಲಿರಲಿಲ್ಲ. ಒಳಗೆ ಒಂದು ಮರದ ಷೆಡ್ಡು. ಅದರ ಗೋಡೆಗೆ ಸಮುದ್ರದ ಭರತ ಇಳಿತಗಳ ವೇಳಾಪಟ್ಟಿಯನ್ನು ಮೊಳೆ ಹೊಡೆದು ಕೂರಿಸಿದ್ದರು. ಮ್ಯಾನೇಜರ್ ಜುವಾಕಿಂ ಉಡುಪಿ ಕಡೆಯವರು, ಅರವತ್ತರ ಹತ್ತಿರದ ಮನುಷ್ಯ; ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಕಟ್ಟಿ ನಿಂತಿದ್ದರು. ಅವರ ಹಿಂದೆ ಹುಲ್ಲು ಎಲ್ಲಾದರೂ ಕಂಡೀತೆಂದು ಗುರುದತ್ತ ಇಣುಕಿದ. ಎಲ್ಲೂ ಇರಲಿಲ್ಲ. ಕಣ್ಣು ಹಾಯುವವರೆಗೂ ಮರಳು, ಆಮೇಲೆ ನೀರು.

“ಗ್ರೀನ್ ಎಲ್ಲಿದೆ?” ಎಂದು, ಗುಳಿಯ ಸುತ್ತ ಇರಬೇಕಾದ ಹುಲ್ಲುಹಾಸನ್ನು ಹುಡುಕುತ್ತ ಕೇಳಿದ.

“ಗ್ರೀನ್ ಇಲ್ಲ ಸರ್, ಬ್ರೌನ್ ಉಂಟು.” ಜುವಾಕಿಂ ಕೈತೋರಿಸಿದಲ್ಲಿ, ಬಾವುಟದ ಸುತ್ತ ಮರಳು ಕಪ್ಪಗೆ, ಸುಟ್ಟ ದೋಸೆಯಂತೆ ದುಂಡಗಿತ್ತು. “ಮರಳಿಗೆ ಎಣ್ಣೆ ಸೇರಿಸಿ ಗಟ್ಟಿ ಮಾಡುದು. ಆಡಿದವರು ಹೋಗುವಾಗ ಹೆಜ್ಜೆಗುರುತು ಅಳಿಸಿ ಹೋಗ್ಬೇಕು. ಅದಕ್ಕೆ ಅಲ್ಲಿ ಗೋಣಿ ಕಟ್ಟಿದ ಕೋಲು ಇಟ್ಟಿದ್ದೇವೆ.”

“ಮತ್ತೆ ಹುಲ್ಲಿನ ಮೇಲೆ ಹೊಡೀಬೇಕು ಅಂದ್ರೆ?”

ಜುವಾಕಿಂ ಬಾಗಿಲ ಕಾಲೊರೆಸಿನಷ್ಟಗಲದ ಪ್ಲಾಸ್ಟಿಕ್ ಹುಲ್ಲಿನ ತುಂಡೊಂದನ್ನು ಗೌರವದಿಂದ ಅವನ ಕೈಗಿಟ್ಟರು. “ಹುಲ್ಲು ನೀವೇ ತಕ್ಕೊಂಡು ಹೋಗುದು ಸರ್. ಚೆಂಡು ಎಲ್ಲಿ ಬಿತ್ತೋ ಅಲ್ಲಿ ಹಾಸಿ ಹೊಡೀಬೇಕು.”

ಗುರುದತ್ತ ತನ್ನ ಹುಲ್ಲುಗಾವಲನ್ನು ಕಂಕುಳಲ್ಲಿ ಇಟ್ಟುಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ಗ್ರೀನ್, ಸೊನ್ನೆ. ಬ್ರೌನ್, ಒಂಬತ್ತು.

“ಸರ್, ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?”

ಆಟಗಾರ ಎಷ್ಟು ದುರ್ಬಲನೋ ಅಷ್ಟು ದೊಡ್ಡ ಸಂಖ್ಯೆಯ ರಿಯಾಯಿತಿ ಎಂಬುದು ಗುರುದತ್ತನಿಗೆ ಪ್ರೂಫಿನಿಂದ ಗೊತ್ತಿತ್ತು. ಕ್ಲಬ್ಬಿನವರು ಕೊಟ್ಟರೆ ತಾನೆ? ಅವನು ನಿಜ ಹೇಳಿದ. “ನಂಗೆ ಯಾರೂ ಕೊಟ್ಟಿಲ್ಲ.”

ಜುವಾಕಿಂ ಒಂದು ಹೆಜ್ಜೆ ಹಿಂದೆ ಸರಿದರು. ರಿಯಾಯಿತಿಯೇ ಬೇಡದ ಆಟಗಾರ ಅಲ್ಲಿಗೆ ಬಂದದ್ದು ಅದೇ ಮೊದಲು.

ಹಾಗಾಗಿ ಆಡುವುದು ತಪ್ಪಲಿಲ್ಲ. ಮೊದಲ ಹೊಡೆತಕ್ಕೆ ಗುರುದತ್ತ ಕೋಲೆತ್ತಿ ಬೀಸಿದ. ಚೆಂಡು ಇದ್ದಲ್ಲೇ ಇತ್ತು. ಅದರ ಹಿಂದಿನ ಅರ್ಧ ಸೇರು ಮರಳು ಹಾರಿ ಲಿಯೊನೆಲ್‌ನ ಲೆನ್ಸಿಗೆ ಬಿತ್ತು.

“ಮರಳು ಎಷ್ಟು ಗಟ್ಟಿ ಉಂಟು ನೋಡಿದ್ರು,” ಎಂದು ಜುವಾಕಿಂ ಲಿಯೊನೆಲ್‌ನ ಕಿವಿಯಲ್ಲಿ ಹೇಳಿದರು.

ಎರಡನೆಯದು ಸೀದಾ ಸಮುದ್ರಕ್ಕೆ ಹೋಯಿತು. “ಭರತ ಎಷ್ಟು ಬಂದಿದೆ ನೋಡಿದ್ರು.” ಮೂರನೆಯದು ದಂಡೆಯಲ್ಲಿ ಹೂತು ನಿಂತಿದ್ದ ಹಳೆಯ ಹಡಗಿನ ಪಕ್ಕೆಲುಬುಗಳ ನಡುವೆ ನುಗ್ಗಿ, ಅಲ್ಲಿ ಐದಾರು ಸಲ ಟಕಟಕ ಎಂದು ಸುಮ್ಮನಾಯಿತು. “ಹಡಗಿನ ಒಳಗೂ ನೋಡಿದ್ರು. ಇಷ್ಟು ವರ್ಷದಲ್ಲಿ ಯಾರೂ ಒಳಗೆ ನೋಡಿದ್ದಿಲ್ಲ.”

ನಾಲ್ಕನೆಯ ಚೆಂಡು ಹೇಗೋ ನೆಲದ ಮೇಲೆ ಉಳಿಯಿತು. ಗುರುದತ್ತ ಹುಲ್ಲಿನ ತುಂಡು ಹಾಸಲು ಹೋಗುವಷ್ಟರಲ್ಲಿ ಬಿಳಿಯ ಏಡಿಯೊಂದು ಬಿಲದಿಂದ ಹೊರಬಂದು, ಚೆಂಡನ್ನು ಅತ್ತ ಇತ್ತ ತಿರುಗಿಸಿ ಪರೀಕ್ಷಿಸಿ, ತನ್ನ ಮನೆ ಕಡೆಗೆ ಉರುಳಿಸಿಕೊಂಡು ಹೊರಟಿತು.

ಗುರುದತ್ತ ಬಾಯಿಬಿಟ್ಟು ನಿಂತ. “ಇದಕ್ಕೆ ಏನು ಮಾಡೋದು?”

“ಏಡಿ ತಕ್ಕೊಂಡು ಹೋದ ಚೆಂಡಿಗೆ ದಂಡ ಇಲ್ಲ ಸರ್. ಆದರೆ ಬಿಲಕ್ಕೆ ಕೈ ಹಾಕಬಾರದು. ನಿಯಮ ಹನ್ನೊಂದು.” ಜುವಾಕಿಂ ಜೇಬಿನಿಂದ ಹೊಸ ಚೆಂಡು ತೆಗೆದರು. “ಬೆಳಿಗ್ಗೆಯ ಏಡಿಗಳು ಇವು. ಸಂಜೆಯವು ಸ್ವಲ್ಪ ಜೋರು.”

ಮೂರನೆಯ ಗುಳಿಯ ಹೊಡೆತ ಶುರುವಾಗುವುದು ಸಮುದ್ರದೊಳಕ್ಕೆ ಚಾಚಿದ ಮರಳಿನ ನಾಲಿಗೆಯ ತುದಿಯಿಂದ. ಗುರುದತ್ತ ಅಲ್ಲಿ ಹದಿನೇಳು ಸಲ ಕೋಲು ಬೀಸಿದ. ಎಣಿಕೆ ಅವನದೇ. ಹದಿನೇಳನೆಯದನ್ನು ಬರೆದುಕೊಂಡು ತಿರುಗಿ ನೋಡಿದರೆ ಬಂದ ದಾರಿ ಇರಲಿಲ್ಲ. ನಾಲಿಗೆಯ ಬುಡದ ಮೇಲೆ ನೀರು ಹರಿಯುತ್ತಿತ್ತು.

“ಹನ್ನೊಂದೂ ನಲವತ್ತಕ್ಕೆ ಮೂರನೇ ಗುಳಿ ಬಂದ್ ಆಗ್ತದೆ,” ಎಂದರು ಜುವಾಕಿಂ, ನಾಚಿಕೆಯಿಂದ. “ಪಟ್ಟಿಯಲ್ಲಿ ಬರ್ದಿದೆ. ಸಾಮಾನ್ಯ ಯಾರೂ ಇಲ್ಲಿ ಇಷ್ಟು ಹೊತ್ತು ಪರೀಕ್ಷೆ ಮಾಡುದಿಲ್ಲ ಸರ್.”

“ಮತ್ತೆ ಯಾವಾಗ ತೆಗೆಯುತ್ತೆ?”

“ಐದು ಗಂಟೆಗೆ.”

ಐದಕ್ಕೆ ಪುಟ ಅಚ್ಚಿಗೆ ಹೋಗುತ್ತದೆ. ಗುರುದತ್ತನ ಕಣ್ಣಮುಂದೆ ಹಸಿರು ಫೈಲು ಅಲೆಯ ಮೇಲೆ ತೇಲಿಹೋಯಿತು. ನೀರು ಎಷ್ಟು ಆಳ ಎಂದು ಕೇಳಿದ. ಸೊಂಟದ ತನಕ ಎಂದರು ಜುವಾಕಿಂ. ಅವರು ಐದೂ ಮುಕ್ಕಾಲಡಿ, ಗುರುದತ್ತ ಐದಡಿ ಮೂರಂಗುಲ. ಈ ವ್ಯತ್ಯಾಸ ನೀರಿಗಿಳಿದ ಮೇಲೆ ಗೊತ್ತಾಯಿತು. ತಲೆಯ ಮೇಲೆ ಅಂಕಪಟ್ಟಿ, ಅದರ ಮೇಲೆ ಹುಲ್ಲಿನ ತುಂಡು, ಬಾಯಲ್ಲಿ ಪೆನ್ನು. ದಡದಲ್ಲಿ ಮುಂಚೆಯೇ ಹೋಗಿ ನಿಂತಿದ್ದ ಲಿಯೊನೆಲ್ ಆರು ಫೋಟೋ ತೆಗೆದ.

ಷೆಡ್ಡಿನಲ್ಲಿ ಪ್ಯಾಂಟು ಒಣಗುವವರೆಗೆ ಜುವಾಕಿಂ ಬನ್ಸು, ಚಹಾ ಕೊಟ್ಟರು. ಗುರುದತ್ತ ಅವರ ಟವೆಲ್ ಸುತ್ತಿಕೊಂಡು ಕಿಟಕಿಯಾಚೆ ನೋಡುತ್ತ ಕೂತ. ಬೆಳಗಿನಿಂದ ಬರೀ ಆಘಾತವೇ ಆಗಿದ್ದರಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ಮ್ಯಾಕ್ರೇ ಸಾಹೇಬರ ಒಂಬತ್ತು ಮೈದಾನಗಳಲ್ಲೂ ಕಾರಂಜಿ ಇದ್ದವು, ಸಂಜೆ ಹೊತ್ತು ಕೊಳವೆಗಳು ಹುಲ್ಲಿಗೆ ಸಿಹಿನೀರು ಎರಚುತ್ತಿದ್ದವು. ಒಂದರ ಪ್ರೂಫು ಇನ್ನೊಂದಕ್ಕೆ ಹಾಕಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಗಾಳಿ ತಿರುಗಿದರೆ ಮೈದಾನವೇ ಬೇರೆಯಾಗುತ್ತಿತ್ತು. ಸಮುದ್ರ ಎಷ್ಟು ಗಂಟೆಗೆ ಬಿಟ್ಟುಕೊಡುತ್ತದೋ ಅಷ್ಟು ಗಂಟೆಗೆ ಆಟ. ಹೊರಗೆ ಜುವಾಕಿಂ ಒಬ್ಬರೇ ಗೋಣಿ ಕೋಲು ಹಿಡಿದು, ಗುರುದತ್ತನ ಹೆಜ್ಜೆಗಳನ್ನು ಮರಳಿನಿಂದ ಒರೆಸುತ್ತಿದ್ದರು, ದೇವರಮನೆಯ ನೆಲ ಒರೆಸುವವರ ಹಾಗೆ.

ಅವನಿಗೆ ಆ ಜಾಗ ಇಷ್ಟವಾಗಿಬಿಟ್ಟಿತ್ತು. ಅದನ್ನು ಬದಿಗಿಟ್ಟು, ಒಂದೊಂದೇ ಅಂಶ ತೂಗಿ ಅಂಕ ಹಾಕಿದ. ಕೂಡಿದ. ಮತ್ತೆ ಕೂಡಿದ. ಅರವತ್ತೈದು. ಸ್ವಲ್ಪ ಧಾರಾಳವಾಯಿತೇನೋ ಎಂದು ಅನುಮಾನವಾದರೂ ಹಾಗೇ ಬಿಟ್ಟ.

“ಹತ್ತರೊಳಗೆ ಬರ್ತದಾ ಸರ್?” ಎಂದು ಕಾರಿನ ಕಿಟಕಿಗೆ ಬಗ್ಗಿ ಕೇಳಿದರು ಜುವಾಕಿಂ.

“ಪಟ್ಟಿಯಲ್ಲಿ ಇರೋದೇ ಹತ್ತು.”

“ಹಾಗಾದ್ರೆ ಬರ್ತದೆ,” ಎಂದು ಅವರು ಸಮಾಧಾನದಿಂದ ನೆಟ್ಟಗಾದರು.

ಮೂರು ಗಂಟೆಗೆ ರಘುನಂದನ ಅಂಕಪಟ್ಟಿ ಕೈಗೆತ್ತಿಕೊಂಡರು. ಒಮ್ಮೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಬಾಗಿಲು ಹಾಕಿದರು.

“ಅರವತ್ತೈದಾ?”

“ಜಾಸ್ತಿ ಆಯ್ತಾ ಸಾರ್? ಒಂದೆರಡು ಕಮ್ಮಿ ಮಾಡ್ಬಹುದು. ಫಸ್ಟ್ ಕ್ಲಾಸ್ ಹೋಗ್ಬಾರ್ದು ಅಷ್ಟೇ.”

“ಯಾವ ಫಸ್ಟ್ ಕ್ಲಾಸ್ರೀ?” ರಘುನಂದನರ ದನಿ ಕುಸಿದಿತ್ತು. “ಮ್ಯಾಕ್ರೇ ಕೊಟ್ಟಿರೋದ್ರಲ್ಲಿ ಎಲ್ಲಕ್ಕಿಂತ ಕಮ್ಮಿ ಎಂಬತ್ತೆರಡು. ಜಾಸ್ತಿ ತೊಂಬತ್ನಾಲ್ಕು. ನಿಮ್ದು ಅರವತ್ತೈದು ಅಂದ್ರೆ ಮೈದಾನ ಫೇಲು, ಕಣ್ರೀ. ಹತ್ತನೇ ಸ್ಥಾನ. ಅದೂ ಒಂಬತ್ತನೇದ್ರಿಂದ ಹದಿನೇಳು ಅಂಕ ಕೆಳಗೆ.”

ಗುರುದತ್ತ ದಿಗಿಲುಬಿದ್ದ. ಪ್ರೂಫಿನಲ್ಲಿ ಆ ಅಂಕಗಳನ್ನು ಓದಿದ್ದ, ನಿಜ. ಸಾಹೇಬರ ಕೈ ಸಡಿಲ ಎಂದುಕೊಂಡಿದ್ದನೇ ಹೊರತು, ತಾನೂ ಹಾಗೆ ಕೊಡಬೇಕೆಂದು ಹೊಳೆದಿರಲಿಲ್ಲ. ಮೈಸೂರಿನಲ್ಲಿ ಇತಿಹಾಸದ ಉತ್ತರಪತ್ರಿಕೆಗೆ ಅರವತ್ತು ಬಿತ್ತೆಂದರೆ ಮನೆಯಲ್ಲಿ ಸಿಹಿ ಮಾಡುತ್ತಿದ್ದರು.

“ಇರೋದನ್ನ ಇದ್ದಹಾಗೆ ನೋಡಿ ಕೊಟ್ಟಿದ್ದೀನಿ ಸಾರ್. ಹತ್ತನೇದಾದ್ರೆ ಹತ್ತನೇದು.”

“ಆ ಮೈದಾನ ಯಾರ್ದು ಗೊತ್ತೇನ್ರೀ?”

“ಜುವಾಕಿಂ ಅವ್ರು ಹೇಳ್ಲಿಲ್ಲ.”

“ಅರ್ಬಾಬ್‌ದು. ನಮ್ಮ ಅರ್ಬಾಬ್. ನಿಮ್ಮ ಅರ್ಜಿಗೆ ಇನ್ನೊಂದು ಗಂಟೇಲಿ ಸಹಿ ಹಾಕೋರು.”

ಗುರುದತ್ತ ಕುಳಿತುಕೊಂಡ. ಕುರ್ಚಿ ಇದ್ದದ್ದು ಅವನ ಪುಣ್ಯ. ಪ್ಯಾಂಟಿನ ಮಡಿಕೆಯಿಂದ ಒಂದು ಹಿಡಿ ಮರಳು ನೆಲಕ್ಕೆ ಸುರಿಯಿತು.

“ಮೊದಲೇ ಹೇಳ್ಬಾರ್ದಾಗಿತ್ತಾ ಸಾರ್?”

“ಹೇಳಿದ್ರೆ ಪಕ್ಷಪಾತ ಆಗುತ್ತೆ ಅಂತ ಹೇಳ್ಲಿಲ್ಲ. ಹೇಳದಿದ್ರೂ ನೀವು ಎಂಬತ್ತೈದು ಕೊಡ್ತೀರಿ ಅಂತ ನಂಬಿದ್ದೆ.”

ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಲಿಯೊನೆಲ್ ಕರೆಯದೆಯೇ ಒಳಗೆ ಬಂದ. “ಇದೊಂದು ದೊಡ್ಡ ವಿಷಯ ಅಲ್ಲ. ಗುರುದತ್ತ, ನೀವು ಮಾಸ್ತರಿಕೆ ಮಾಡುವಾಗ ಅತಿ ಹೆಚ್ಚು ಎಷ್ಟು ಕೊಟ್ಟದ್ದು?”

“ಅರವತ್ತು. ತೊಂಬತ್ಮೂರನೇ ಇಸವಿಯಲ್ಲಿ. ಆ ಹುಡುಗಿಗೆ ಆಮೇಲೆ ರ‍್ಯಾಂಕ್ ಬಂತು.”

“ಸಾಹೇಬರು ಅತಿ ಹೆಚ್ಚು ಕೊಟ್ಟದ್ದು ತೊಂಬತ್ನಾಲ್ಕು. ಅಂದ್ರೆ ನಿಮ್ಮ ಅರವತ್ತು ಅವರ ತೊಂಬತ್ನಾಲ್ಕಕ್ಕೆ ಸಮ. ಹೌದಾ ಅಲ್ವಾ?”

ಗುರುದತ್ತ ಇದರಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ. ಎರಡು ಬೇರೆ ಅಳತೆಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸುವುದು ಗಜವನ್ನೂ ಮೀಟರನ್ನೂ ಬೆರೆಸಿದಷ್ಟೇ ತಪ್ಪು. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಲೇಬೇಕು. ಅವನೇ ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಮಾಡಿದ. ಅರವತ್ತಕ್ಕೆ ತೊಂಬತ್ನಾಲ್ಕಾದರೆ ಅರವತ್ತೈದಕ್ಕೆ ಎಷ್ಟು? ಉತ್ತರ ನೋಡಿ ಅದರ ಮೇಲೆ ಅಂಗೈ ಮುಚ್ಚಿದ.

“ಎಷ್ಟು ಬಂತು?” ಎಂದರು ರಘುನಂದನ.

“ನೂರಾ ಒಂದು ಪಾಯಿಂಟ್ ಎಂಟು ಮೂರು.”

ಲಿಯೊನೆಲ್ ಬಗ್ಗಿ ಕಾಗದ ನೋಡಿದ.

“ನೂರಕ್ಕೆ ನೂರಾ ಒಂದು ಯಾರೂ ನಂಬಲ್ಲ,” ಎಂದರು ರಘುನಂದನ. “ತೊಂಬತ್ತೈದು ಹಾಕ್ತೀನಿ.”

“ಹಾಗಾದ್ರೆ ಅದೇ ಮೊದಲನೇದಾಗುತ್ತೆ ಸಾರ್. ಹುಲ್ಲೇ ಇಲ್ಲ ಅಲ್ಲಿ.”

“ಲೆಕ್ಕ ನಿಮ್ದೇ ತಾನೆ? ತಪ್ಪಿದ್ರೆ ತೋರಿಸಿ.”

ಗುರುದತ್ತ ಮೂರನೇ ಸಲ ಗುಣಿಸಿ ಭಾಗಿಸಿದ. ತಪ್ಪಿರಲಿಲ್ಲ. ಗೋಡೆ ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಇಂದ್ರಾಣಿಯ ಹಿಂದಿನ ವಾರದ ಮಾತು ನೆನಪಾಯಿತು: ಮಗು ನಿಮ್ಮ ಫೋಟೋ ನೋಡಿ ಇವರು ಯಾರು ಅಂತು. ಅವನು ಪ್ರೂಫಿನ ಅಂಚಿನಲ್ಲಿ ಸಣ್ಣಗೆ ತನ್ನ ಹೆಸರಿನ ಮೊದಲಕ್ಷರ ಹಾಕಿದ. ಓದಿ ಒಪ್ಪಿದೆ ಎಂದು ಅದರ ಅರ್ಥ.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ರಘುನಂದನ ಆ ಪುಟವನ್ನು ಅರ್ಬಾಬರ ಕಚೇರಿಗೆ ಫ್ಯಾಕ್ಸ್ ಮಾಡಿದರು. ಸಹಿ ಹಾಕುವ ಮೊದಲು ಅವರಿಗೆ ಖುಷಿಯಾಗಲಿ ಎಂದು.

ಐದೂ ಕಾಲಿಗೆ ಇಸ್ಮತುಲ್ಲಾ ಬಂದ. ಒಂದು ಕೈಯಲ್ಲಿ ಬಕ್ಲಾವ ಎಂಬ ಅರಬ್ಬಿ ಸಿಹಿತಿಂಡಿಯ ಡಬ್ಬ, ಇನ್ನೊಂದರಲ್ಲಿ ಹಸಿರು ಫೈಲು. ಮುಖ ಮದುಮಗನ ಹಾಗೆ ಹೊಳೆಯುತ್ತಿತ್ತು. ಬಂದವನೇ ಗುರುದತ್ತನನ್ನು ಅಪ್ಪಿಕೊಂಡ.

“ಅರ್ಬಾಬ್ ಖುಷಿಯಲ್ಲಿ ಎದ್ದು ನಿಂತ್ಬಿಟ್ರು. ಹದಿನಾಲ್ಕು ವರ್ಷದಿಂದ ನೋಡ್ತಿದ್ದೇನೆ, ಅವರು ಎದ್ದದ್ದೇ ಕಂಡಿಲ್ಲ.”

“ಸಹಿ ಆಯ್ತಾ?” ಎಂದ ಗುರುದತ್ತ.

“ಕೇಳಿ ಮೊದ್ಲು. ನಿಮ್ಮ ಅರ್ಜಿ ಮುಂದೆ ಇಟ್ಟೆ. ಪೆನ್ನು ಕೈಗೆ ಕೊಟ್ಟೆ. ನಿಬ್ಬು ಕಾಗದಕ್ಕೆ ತಾಗ್ಬೇಕು, ಅಷ್ಟರಲ್ಲಿ ಫ್ಯಾಕ್ಸ್ ಬಂತು. ಮೊದಲ ಸಾಲು ಓದಿದ್ರು. ರಾಸ್ ಸಫ್ವಾನ್, ಒಂದನೇ ಸ್ಥಾನ. ಇದನ್ನು ನೋಡಿದ ಮನುಷ್ಯ ಯಾರು ಅಂತ ಕೇಳಿದ್ರು. ನಾನು ಬಿಡ್ತೇನಾ? ನಿಮ್ಮ ಅರ್ಜಿಯ ಫೋಟೋ ಮೇಲೆ ಬೆರಳು ಇಟ್ಟು, ಇವರೇ ಅಂದೆ.”

“ಆಮೇಲೆ?”

“ಇಂಥ ಕಣ್ಣು ಇರುವವ ಕಚೇರಿಯಲ್ಲಿ ಕೂತು ಸ್ಪೆಲ್ಲಿಂಗ್ ನೋಡುದಾ ಅಂದ್ರು. ಯಲ್ಲಾ, ನಡಿ ನಡಿ, ಅವನನ್ನು ಮೈದಾನಕ್ಕೇ ಹಾಕು, ಜುವಾಕಿಂಗೆ ವಯಸ್ಸಾಯ್ತು ಅಂದ್ರು. ಆ ಅರ್ಜಿ ಹರಿದು ಹಾಕಿ, ಬೇರೆ ಅರ್ಜಿ ತರಿಸಿ, ನಿಂತ್ಕೊಂಡೇ ಸಹಿ ಮಾಡಿದ್ರು. ಖಲಾಸ್. ಶನಿವಾರದಿಂದ ನೀವು ರಾಸ್ ಸಫ್ವಾನ್ ಮ್ಯಾನೇಜರ್.”

ರಘುನಂದನ ಬಕ್ಲಾವದ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಗುರುದತ್ತ ಹಸಿರು ಫೈಲಿನ ಕಡೆ ನೋಡಿದ.

“ಇಸ್ಮತುಲ್ಲಾ ಭಾಯಿ, ಅದು ಹತ್ತನೇ ಸ್ಥಾನ ಬಂದಿದ್ರೆ?”

“ಬಂದ್ರೆ ಎಂಥ? ಅರ್ಬಾಬ್ ಮೊದಲ ಸಾಲು ಬಿಟ್ಟು ಕೆಳಗೆ ಓದುದಿಲ್ಲ ಮಾರಾಯ್ರೆ. ಫ್ಯಾಕ್ಸ್ ಪಕ್ಕಕ್ಕೆ ಇಟ್ಟು ನಿಮ್ಮ ಅರ್ಜಿಗೆ ಸಹಿ ಹಾಕ್ತಿದ್ರು.”

ಲಿಯೊನೆಲ್ ಕ್ಯಾಲೆಂಡರ್ ನೋಡತೊಡಗಿದ. ರಘುನಂದನ ಕನ್ನಡಕ ತೆಗೆದರು. ಗುರುದತ್ತ ಮಾತ್ರ ಕೊನೆಯ ಒಂದು ಎಳೆ ಹಿಡಿದುಕೊಂಡಿದ್ದ. ಮ್ಯಾನೇಜರ್ ಎಂದರೆ ದೊಡ್ಡ ಹುದ್ದೆ. ಮ್ಯಾನೇಜರುಗಳು ಸಂಸಾರ ಕರೆಸಿಕೊಳ್ಳುತ್ತಾರೆ.

“ವೀಸಾದಲ್ಲಿ ಮ್ಯಾನೇಜರ್ ಅಂತ ಇರುತ್ತಲ್ಲ?”

ಇಸ್ಮತುಲ್ಲಾ ಫೈಲು ಬಿಡಿಸಿ ಸಹಿಯಾದ ಕಾಗದವನ್ನು ಬೆಳಕಿಗೆ ಹಿಡಿದ. “ಅದು ಹೇಗೆ ಬರ್ತದೆ? ಆ ಜಾಗಕ್ಕೆ ಗಾಲ್ಫ್ ಲೈಸೆನ್ಸ್ ಎಲ್ಲಿ ಉಂಟು? ಅರ್ಬಾಬರ ತಂದೆಯ ಕಾಲದ ಮೀನು ದೋಣಿಯ ಲೈಸೆನ್ಸ್ ಮೇಲೆಯೇ ಎಲ್ಲಾ ನಡೀತಿರುದು. ಇಲ್ಲಿ ನೋಡಿ, ಸಯ್ಯಾದ್. ಮೀನುಗಾರ.”

“ಇಂದ್ರಾಣಿ, ಮಗು?”

“ಹೆಂಡತಿ ಮಕ್ಕಳನ್ನು ತರ್ಲಿಕ್ಕೆ ಆಗುದಿಲ್ಲ,” ಎಂದ ಇಸ್ಮತುಲ್ಲಾ, ಒಳ್ಳೆಯದೂ ಒಂದಿದೆ ಎಂಬ ಸಮಾಧಾನದ ದನಿಯಲ್ಲಿ. “ದೋಣಿ ಬೇಕಾದ್ರೆ ತರ್ಬಹುದು.”